ರಿಲೇ ಮೇಲೆ 10 ಆಂಪ್ ಅಂತಿದೆ, ಮೋಟಾರ್ 6.5 ಆಂಪ್. ಮತ್ತೆ ಯಾಕೆ ಅಂಟಿಕೊಂಡಿತು?

ಪ್ರಶ್ನೆ: ಸರ್, ನಮ್ಮದು ತಿಪಟೂರು. ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಲು 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಇದೆ. ಅದರ ಪ್ಲೇಟಿನ ಮೇಲೆ 6.5 ಆಂಪ್ ಅಂತ ಬರೆದಿದೆ. ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲಲಿ ಅಂತ ಇಎಸ್‌ಪಿ8266 ಬೋರ್ಡು (ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಬೋರ್ಡು), ನೀಲಿ ಡಬ್ಬಿಯ 5 ವೋಲ್ಟ್ ರಿಲೇ ಮಾಡ್ಯೂಲು (ಬೋರ್ಡು ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್) ತಂದು ನಾನೇ ಒಂದು ಸರ್ಕ್ಯೂಟ್ ಮಾಡಿದೆ. ಮೂರು ತಿಂಗಳು ಚೆನ್ನಾಗಿ ನಡೆಯಿತು. ಹೋದ ವಾರ ಟ್ಯಾಂಕ್ ತುಂಬಿ ಹರಿದರೂ ಮೋಟಾರ್ ನಿಲ್ಲಲಿಲ್ಲ. ಮಾಡ್ಯೂಲಿನ ಎಲ್‌ಇಡಿ ಆರಿತ್ತು, ಸಣ್ಣದಾಗಿ ಟಕ್ ಅಂತ ಸದ್ದೂ ಬಂದಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ರಿಲೇಗೆ ತಟ್ಟಿದೆ, ಆಗ ನಿಂತಿತು. ರಿಲೇ ಮೇಲೆ 10 ಆಂಪ್ 250 ವೋಲ್ಟ್ ಅಂತ ಸ್ಪಷ್ಟವಾಗಿದೆ. ಅಂಗಡಿಯವರು ಡೂಪ್ಲಿಕೇಟ್ ಮಾಲು ಅಂತಾರೆ. ಗೆಳೆಯ ಎರಡು ರಿಲೇ ಪ್ಯಾರಲಲ್ ಹಾಕು ಅಂತಾನೆ. ಇನ್ನೊಬ್ಬರು ಸಾಲಿಡ್ ಸ್ಟೇಟ್ ರಿಲೇ ಹಾಕಿದರೆ ತಲೆನೋವೇ ಇಲ್ಲ ಅಂತಾರೆ. ಇದರ ಜೊತೆ, ಮೋಟಾರ್ ಆಫ್ ಆಗುವಾಗ ಕೆಲವೊಮ್ಮೆ ಬೋರ್ಡೇ ರೀಸೆಟ್ ಆಗುತ್ತದೆ. ಏನು ಮಾಡಲಿ?

ಉತ್ತರ: ಮೊದಲಿಗೆ, ತಟ್ಟಿ ಬಿಡಿಸಿದ ಆ ರಿಲೇಯನ್ನು ಮತ್ತೆ ಮೋಟಾರಿಗೆ ಹಾಕಬೇಡಿ. ಪೆಟ್ಟು ಬಿದ್ದಾಗ ಬಿಟ್ಟುಕೊಂಡಿತು ಅಂದರೆ ಒಳಗಿನ, ಕರೆಂಟ್ ಹಾಯಿಸಲು ಒಂದಕ್ಕೊಂದು ಮುಟ್ಟುವ ಎರಡು ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡಿದ್ದವು ಅಂತಲೇ ಅರ್ಥ. ಬೆಸುಗೆ ಬಿಟ್ಟ ಜಾಗ ಒರಟಾಗಿ ಉಳಿಯುತ್ತದೆ. ಮುಂದಿನ ಸಲ ಅದೇ ಒರಟು ತುದಿಯಲ್ಲಿ ಇನ್ನೂ ಬೇಗ ಬೆಸೆಯುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಹಾಗಾದರೆ ಟ್ಯಾಂಕ್ ಹರಿಯುವುದು ಸಣ್ಣ ವಿಷಯ. ಸಂಪ್ ಖಾಲಿಯಾಗಿ ಮೋಟಾರ್ ಒಣಗಿ ಓಡಿದರೆ ಸೀಲ್ ಹೋಗುತ್ತದೆ, ವೈಂಡಿಂಗೂ ಸುಟ್ಟೀತು.

ಇನ್ನು ನಿಮ್ಮ ಮುಖ್ಯ ಅನುಮಾನ. 10 ಆಂಪ್‌ನ ರಿಲೇ 6.5 ಆಂಪ್ ಮೋಟಾರನ್ನು ಯಾಕೆ ತಡೆಯಲಿಲ್ಲ? ಲೆಕ್ಕ ಸರಿಯಾಗೇ ಕಾಣುತ್ತದೆ, ಅಲ್ವಾ? ನನ್ನ ಬಳಿ ಬರುವ ಕೆಟ್ಟ ವಾಟರ್ ಲೆವೆಲ್ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವು ಇದೇ ಲೆಕ್ಕದ ಮೇಲೆ ಕಟ್ಟಿದವು. ಅಂಗಡಿಯವರು ಹೇಳಿದ ಹಾಗೆ ಮಾಲು ಡೂಪ್ಲಿಕೇಟ್ ಇರಬಹುದು, ಮಾರುಕಟ್ಟೆಯಲ್ಲಿ ಅಂಥದ್ದು ಬೇಕಾದಷ್ಟಿದೆ. ಆದರೆ ಅಸಲಿ ರಿಲೇ ಹಾಕಿದ್ದರೂ ಕಥೆ ಇದೇ ಆಗುತ್ತಿತ್ತು. ಮೂರು ತಿಂಗಳ ಬದಲು ಆರು ತಿಂಗಳು ಬರುತ್ತಿತ್ತೇನೋ, ಅಷ್ಟೇ.

ಆ 10 ಆಂಪ್ ಯಾವುದರ ಲೆಕ್ಕ

ಡಬ್ಬಿಯ ಮೇಲಿನ ಅಂಕಿ ರೆಸಿಸ್ಟಿವ್ ಲೋಡಿನದು. ಅಂದರೆ ಹೀಟರ್, ಗೀಸರ್ ಕಾಯಿಲ್ ಥರದ್ದು. ಸ್ವಿಚ್ ಹಾಕಿದ ಕ್ಷಣದಿಂದ ಆರಿಸುವವರೆಗೂ ಇವು ಹೆಚ್ಚುಕಮ್ಮಿ ಒಂದೇ ಕರೆಂಟ್ ಎಳೆಯುತ್ತವೆ. ಈ ನೀಲಿ ಡಬ್ಬಿಗಳ ಡೇಟಾಶೀಟ್, ಅಂದರೆ ತಯಾರಕರು ಕೊಡುವ ವಿವರಪಟ್ಟಿ, ತೆಗೆದು ನೋಡಿ. ನೀವು ಬಳಸಿದ್ದು ಚೇಂಜ್‌ಓವರ್ ಮಾದರಿ, ಅಂದರೆ ಎನ್‌ಒ (ಸುಮ್ಮನಿದ್ದಾಗ ಬಿಟ್ಟಿರುವ ಸಂಪರ್ಕ), ಎನ್‌ಸಿ (ಸುಮ್ಮನಿದ್ದಾಗ ಮುಟ್ಟಿರುವ ಸಂಪರ್ಕ) ಎರಡೂ ಇರುವಂಥದ್ದು. ತುಂಬಾ ಚಾಲ್ತಿಯಲ್ಲಿರುವ ಒಂದರಲ್ಲಿ ಈ ಮಾದರಿಗೆ 240 ವೋಲ್ಟ್ ಎಸಿಯಲ್ಲಿ ಕೊಟ್ಟಿರುವುದೇ 7 ಆಂಪ್. 10 ಆಂಪ್ ಸಿಗುವುದು 125 ವೋಲ್ಟ್‌ನಲ್ಲಿ. ಅದರ ಕೆಳಗೆ ಇಂಡಕ್ಟಿವ್ ಲೋಡ್, ಅಂದರೆ ಮೋಟಾರ್ ಥರ ವೈಂಡಿಂಗ್ ಇರುವ ಲೋಡು, ಅಂತ ಇನ್ನೊಂದು ಸಾಲಿದೆ. ಅಲ್ಲಿರುವುದು 3 ಆಂಪ್, ಅದೂ 120 ವೋಲ್ಟ್‌ಗೆ. ನಮ್ಮ ಮನೆಯ 230 ವೋಲ್ಟ್‌ಗೆ ಆ ಸಾಲಿನಲ್ಲಿ ಅಂಕಿಯೇ ಇಲ್ಲ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಮಾತ್ರ ಆ 10.

ಅದೇ ಡೇಟಾಶೀಟಿನಲ್ಲಿ ಆಯುಷ್ಯದ ಲೆಕ್ಕವೂ ಇರುತ್ತದೆ. ಲೋಡ್ ಇಲ್ಲದೆ ಸುಮ್ನೆ ಎಳೆದು ಬಿಡುತ್ತಿದ್ದರೆ 1 ಕೋಟಿ ಸಲ. ಪೂರ್ತಿ ಲೋಡ್ ಹೊತ್ತು 1 ಲಕ್ಷ ಸಲ. ನೀವು ದಿನಕ್ಕೆ ಎರಡು ಸಲ ನೀರು ಏರಿಸಿದ್ದೀರಿ ಅಂದುಕೊಂಡರೂ ಮೂರು ತಿಂಗಳಿಗೆ 180 ಸಲ ಆಯಿತು. ಇದು ಸವೆದು ಹೋದದ್ದಲ್ಲ. ಮೊದಲ ದಿನದಿಂದಲೇ ಪ್ರತಿ ಸಲವೂ ಬೆಸೆಯುವ ಅಂಚಿಗೆ ಹೋಗಿ ವಾಪಸ್ ಬರುತ್ತಿತ್ತು.

ಯಾಕೆ ಅಂದರೆ, ಮೋಟಾರಿನ ಪ್ಲೇಟಿನ ಮೇಲಿರುವ 6.5 ಆಂಪ್ ಅದು ಪೂರ್ತಿ ವೇಗದಲ್ಲಿ ತಿರುಗುವಾಗಿನದು. ನಿಂತ ಮೋಟಾರಿಗೆ ಕರೆಂಟ್ ಕೊಟ್ಟ ಕ್ಷಣ ಐದಾರು ಪಟ್ಟು ಎಳೆಯುತ್ತದೆ. ನಿಮ್ಮದರಲ್ಲಿ 32ರಿಂದ 39 ಆಂಪ್. ಎಸಿ ಅಲೆಯ ತುದಿಯಲ್ಲಿ ಇದು 50 ಆಂಪ್ ದಾಟಬಹುದು. ವೇಗ ಹಿಡಿಯುವವರೆಗೂ ಹೀಗೆಯೇ. ವೋಲ್ಟೇಜ್ ಚೆನ್ನಾಗಿದ್ದರೆ ಅರ್ಧ ಸೆಕೆಂಡೋ ಒಂದು ಸೆಕೆಂಡೋ. ಸಂಜೆ ಹೊತ್ತು 170-180ಕ್ಕೆ ಇಳಿದಿದ್ದರೆ ಮೋಟಾರ್ ಗುಂಯ್ ಅಂತ ಇನ್ನೂ ಒದ್ದಾಡುತ್ತದೆ. ಅಷ್ಟು ಹೊತ್ತೂ ರಿಲೇ ಆ ಕರೆಂಟ್ ಹೊರಬೇಕು.

ಹೊರುವುದಾದರೂ ಹೇಗೋ ಹೊರುತ್ತದೆ. ಕಷ್ಟ ಇರುವುದು ಮುಟ್ಟುವ ಕ್ಷಣದಲ್ಲಿ. ರಿಲೇಯ ಕಾಂಟ್ಯಾಕ್ಟ್ ಒಂದೇ ಏಟಿಗೆ ಹೋಗಿ ಕೂರುವುದಿಲ್ಲ. ತಗುಲಿ, ಕುಪ್ಪಳಿಸಿ, ಮತ್ತೆ ತಗುಲಿ, ಕೆಲವು ಮಿಲಿಸೆಕೆಂಡ್ ಆದ ಮೇಲೆ ನೆಲೆಗೊಳ್ಳುತ್ತದೆ. ಕುಪ್ಪಳಿಸಿದ ಪ್ರತಿ ಸಲ ನಡುವೆ ಕಿಡಿ ಹಾರುತ್ತದೆ. ಬೆಳ್ಳಿ 961 ಡಿಗ್ರಿಗೆ ಕರಗುತ್ತದೆ, ಆರ್ಕ್‌ನ ಬಿಸಿಗೆ ಅದು ಯಾವ ಲೆಕ್ಕ? ಕರಗಿದ ಎರಡು ಚುಕ್ಕಿಗಳು ಒಂದರ ಮೇಲೊಂದು ಒತ್ತಿ ಕೂತು ಅಲ್ಲೇ ತಣ್ಣಗಾಗುತ್ತವೆ. ವೆಲ್ಡಿಂಗ್ ಅಂಗಡಿಯಲ್ಲಿ ಹೊಸಬನ ಕೈಯಲ್ಲಿ ರಾಡ್ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದಲ್ಲ, ಅದೇ ಇದು. ಚುಕ್ಕಿ ಸಣ್ಣದಿದ್ದಾಗ ಒಳಗಿನ ಸ್ಪ್ರಿಂಗ್ ಕಿತ್ತುಕೊಳ್ಳುತ್ತದೆ. ಒಂದು ದಿನ ಸ್ಪ್ರಿಂಗಿನ ಬಲ ಸಾಲುವುದಿಲ್ಲ.

ನಿಮಗೆ ಕುತೂಹಲ ಇದ್ದರೆ ಆ ಹಳೇ ರಿಲೇಯನ್ನು ಬೋರ್ಡಿನಿಂದ ಬಿಚ್ಚಿ, ಹ್ಯಾಕ್ಸಾ ಬ್ಲೇಡಿನಿಂದ ಬುಡದ ಅಂಚಿನ ಸುತ್ತ ಕುಯ್ದು ನೀಲಿ ಮುಚ್ಚಳ ತೆಗೆಯಿರಿ. ಕೂದಲಿನಂಥ ತಾಮ್ರದ ತಂತಿ ಸುತ್ತಿದ, ಕರೆಂಟ್ ಕೊಟ್ಟಾಗ ಅಯಸ್ಕಾಂತವಾಗುವ ಕಾಯಿಲ್, ಅದರ ತಲೆಯ ಮೇಲೆ ಒಂದು ಕಬ್ಬಿಣದ ಪಟ್ಟಿ, ಅದಕ್ಕೆ ಅಂಟಿದ ತೆಳ್ಳಗಿನ ತಾಮ್ರದ ಎಲೆ, ಎಲೆಯ ತುದಿಯಲ್ಲಿ ಬೆಳ್ಳಿಬಣ್ಣದ ಗುಂಡಿ ಕಾಣುತ್ತದೆ. ಆ ಗುಂಡಿಯೇ ನಿಮ್ಮ ಮೋಟಾರಿನ ಸ್ವಿಚ್. ಎದುರಿನ ಗುಂಡಿಗೂ ಅದಕ್ಕೂ ಇರುವ ಸಂದು ಒಂದು ಮಿಲಿಮೀಟರೂ ಇಲ್ಲ. ಹೊಸ ರಿಲೇಯಲ್ಲಿ ಗುಂಡಿ ನುಣ್ಣಗಿರುತ್ತದೆ. ನಿಮ್ಮದರಲ್ಲಿ ನಡುವೆ ಕಪ್ಪು ವರ್ತುಲ, ಅದರೊಳಗೆ ಕಿತ್ತುಬಂದ ಗುಳಿ, ಎದುರಿನ ಗುಂಡಿಯಲ್ಲಿ ಅದಕ್ಕೆ ಸರಿಯಾಗಿ ಒಂದು ಮೊನೆ ಇರುತ್ತದೆ. ನಿಮಗೆ ಕೇಳಿದ ಸಣ್ಣ ಟಕ್ ಸದ್ದಿಗೂ ಇಲ್ಲೇ ಉತ್ತರ ಇದೆ. ಕಾಯಿಲ್ ಬಿಟ್ಟಾಗ ಕಬ್ಬಿಣದ ಪಟ್ಟಿ ಸ್ವಲ್ಪ ಜರುಗಿತು, ತಾಮ್ರದ ಎಲೆ ಬಾಗಿತು, ಗುಂಡಿ ಮಾತ್ರ ಬಿಡಲಿಲ್ಲ. ಸದ್ದು ಬಂದರೆ ಸಂಪರ್ಕ ತಪ್ಪಿತು ಅಂತ ನಂಬಬೇಡಿ. ಎಲ್‌ಇಡಿಯಂತೂ ಕಾಯಿಲ್‌ಗೆ ಕರೆಂಟ್ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ.

ಜನ ಕೊಡುವ ಸಲಹೆಗಳು

ಎರಡು ರಿಲೇ ಪ್ಯಾರಲಲ್ ಹಾಕಿದರೆ 20 ಆಂಪ್ ಆಗುತ್ತದೆ ಅನ್ನುವುದು ತಪ್ಪು. ಎರಡೂ ಒಂದೇ ಕ್ಷಣಕ್ಕೆ ಮುಟ್ಟುವುದಿಲ್ಲ. ಯಾವುದು ಒಂದು ಮಿಲಿಸೆಕೆಂಡ್ ಮೊದಲು ಮುಟ್ಟುತ್ತದೋ ಅದರ ಮೇಲೇ ಪೂರ್ತಿ ಸ್ಟಾರ್ಟಿಂಗ್ ಕರೆಂಟ್ ಬೀಳುತ್ತದೆ. ಬಿಡುವಾಗಲೂ ಅಷ್ಟೇ, ಕೊನೆಗೆ ಬಿಟ್ಟದ್ದಕ್ಕೆ ಪೂರ್ತಿ ಕಿಡಿ. ಮೇಲಾಗಿ, ಎರಡರಲ್ಲಿ ಯಾವುದೊಂದು ಬೆಸೆದರೂ ಮೋಟಾರ್ ನಿಲ್ಲುವುದಿಲ್ಲ. ಅಪಾಯ ಅರ್ಧ ಆಗುವ ಬದಲು ಎರಡರಷ್ಟಾಯಿತು.

ಕಾಂಟ್ಯಾಕ್ಟ್‌ಗೆ ಮರಳು ಕಾಗದ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಈ ಗುಂಡಿಗಳು ಬರೀ ಬೆಳ್ಳಿಯಲ್ಲ, ಬೆಸೆಯದಿರಲಿ ಅಂತಲೇ ಅದಕ್ಕೆ ಕ್ಯಾಡ್ಮಿಯಂ ಆಕ್ಸೈಡ್ ಅಥವಾ ಟಿನ್ ಆಕ್ಸೈಡ್ ಸೇರಿಸಿರುತ್ತಾರೆ. ಉಜ್ಜಿದರೆ ಆಕಾರ ಕೆಡುತ್ತದೆ, ಕಾಗದದ ಕಣ ಒಳಗೆ ಉಳಿಯುತ್ತದೆ. ಅಷ್ಟು ಕಷ್ಟಪಡುವ ಬೆಲೆಯ ವಸ್ತುವೂ ಅಲ್ಲ ಅದು.

ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕಿದರೆ ಕಿಡಿ ನಿಲ್ಲುತ್ತದೆ ಅನ್ನುವ ಸಲಹೆ ಅರ್ಧ ಸತ್ಯ. ಬಿಡುವಾಗಿನ ಕಿಡಿ ಕಡಿಮೆ ಆಗುತ್ತದೆ, ನಿಜ. ಆದರೆ ತುಂಬಿಕೊಂಡ ಕೆಪಾಸಿಟರ್ ಮುಂದಿನ ಸಲ ಮುಟ್ಟುವಾಗ ಇಡೀ ಚಾರ್ಜನ್ನು ಅದೇ ಗುಂಡಿಯ ಮೂಲಕ ಸುರಿಯುತ್ತದೆ. ಜೊತೆಗೆ ಸೀರೀಸಿನಲ್ಲಿ ರೆಸಿಸ್ಟರ್ ಇಲ್ಲದಿದ್ದರೆ ಬೆಸುಗೆ ಹೆಚ್ಚಾಗುತ್ತದೆ.

ಇನ್ನು ಸಾಲಿಡ್ ಸ್ಟೇಟ್ ರಿಲೇ (ಎಸ್‌ಎಸ್‌ಆರ್). ಇದರಲ್ಲಿ ಕುಪ್ಪಳಿಸುವ ಕಾಂಟ್ಯಾಕ್ಟ್ ಇಲ್ಲ, ಸದ್ದಿಲ್ಲ, ಕಿಡಿಯೂ ಇಲ್ಲ. ಆದರೆ ಒಳಗಿನ ಟ್ರಯಾಕ್ ಅಥವಾ ಎಸ್‌ಸಿಆರ್ ಅನ್ನುವ ಸೆಮಿಕಂಡಕ್ಟರ್ ಸ್ವಿಚ್ ಮೇಲೆ ಒಂದೂಕಾಲು, ಒಂದೂವರೆ ವೋಲ್ಟ್ ಬೀಳುತ್ತದೆ. 6.5 ಆಂಪ್‌ಗೆ 8ರಿಂದ 10 ವ್ಯಾಟ್ ಶಾಖ. ಹೀಟ್‌ಸಿಂಕ್ ಇಲ್ಲದೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಬೇಸಿಗೆ ದಾಟುವುದು ಕಷ್ಟ. ಆಫ್ ಇದ್ದಾಗಲೂ ಕೆಲವು ಮಿಲಿಆಂಪ್ ಸೋರುತ್ತದೆ, ಹಾಗಾಗಿ ಮೋಟಾರ್ ತಂತಿ ಮುಟ್ಟಿದರೆ ಶಾಕ್ ಹೊಡೆಯಬಹುದು. ಎಲ್ಲಕ್ಕಿಂತ ಮುಖ್ಯ, ಇದು ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಅಂದರೆ ಮೋಟಾರ್ ಆನ್ ಆಗಿಯೇ ಉಳಿಯುತ್ತದೆ. ನಿಮ್ಮ ತೊಂದರೆ ಅದೇ ತಾನೇ? ನಿಮಿಷಕ್ಕೆ ಹತ್ತು ಸಲ ಆನ್-ಆಫ್ ಆಗುವ ಹೀಟರಿಗೆ ನಾನು ಎಸ್‌ಎಸ್‌ಆರ್‌ ಅನ್ನೇ ಹಾಕುತ್ತೇನೆ. ದಿನಕ್ಕೆ ಎರಡು ಸಲ ಓಡುವ ನೀರಿನ ಮೋಟಾರಿಗೆ ಹಾಕುವುದಿಲ್ಲ.

ಹಾಗಾದರೆ ಏನು ಹಾಕಬೇಕು

ಸಣ್ಣ ರಿಲೇಯನ್ನೇ ಕೈಬಿಡಬೇಕಿಲ್ಲ, ಅಂಟಿದ್ದನ್ನು ತೆಗೆದು ಅಂಥದ್ದೇ ಹೊಸದು ಹಾಕಿ, ಅದರ ಕೆಲಸ ಬದಲಾಯಿಸಿ. ಮೋಟಾರಿನ ಕರೆಂಟ್ ಅದರ ಮೂಲಕ ಹೋಗದಿರಲಿ. ಅದು ಒಂದು ಕಾಂಟ್ಯಾಕ್ಟರ್‌ನ, ಅಂದರೆ ಮೋಟಾರಿನಂಥ ಲೋಡಿಗೆ ಮಾಡಿದ ದೊಡ್ಡ ರಿಲೇಯ, ಕಾಯಿಲ್ ಅನ್ನು ಮಾತ್ರ ಆನ್-ಆಫ್ ಮಾಡಲಿ. ಮೋಟಾರನ್ನು ಕಾಂಟ್ಯಾಕ್ಟರ್ ನೋಡಿಕೊಳ್ಳುತ್ತದೆ.

ಕಾಂಟ್ಯಾಕ್ಟರ್ ಕೊಳ್ಳುವಾಗ ಎಸಿ-3 ಅನ್ನುವ ರೇಟಿಂಗ್ ನೋಡಿ. ಎಸಿ-1 ಅಂದರೆ ಹೀಟರ್ ಥರದ ಲೋಡು. ಎಸಿ-3 ಅಂದರೆ ಮೋಟಾರನ್ನು ನಿಂತಲ್ಲಿಂದ ಸ್ಟಾರ್ಟ್ ಮಾಡಿ, ಓಡುವಾಗ ಆಫ್ ಮಾಡುವ ಕೆಲಸ. ಒಂದೇ ಕಾಂಟ್ಯಾಕ್ಟರ್ ಮೇಲೆ ಎರಡೂ ಬರೆದಿರುತ್ತದೆ, ಎಸಿ-1ರ ಅಂಕಿ ಯಾವಾಗಲೂ ದೊಡ್ಡದು. ಅಂಗಡಿಯವರು ಅದನ್ನೇ ತೋರಿಸಿದರೆ ಒಪ್ಪಬೇಡಿ. ಎಸಿ-3ರಲ್ಲಿ 9 ಆಂಪ್, 230 ವೋಲ್ಟ್ ಎಸಿ ಕಾಯಿಲ್ ಇರುವುದು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ನಿಮ್ಮ ಮೋಟಾರಿಗೆ ಅದು ಸಾಕು, ಸಂಜೆ ವೋಲ್ಟೇಜ್ ತೀರಾ ಇಳಿಯುವ ಊರಾದರೆ 12 ಆಂಪ್‌ನದು ತೆಗೆದುಕೊಳ್ಳಿ. ನೀಲಿ ರಿಲೇಗಿಂತ ಬೆಲೆ ಎಷ್ಟೋ ಜಾಸ್ತಿ, ನಿಜ. ಒಂದು ಸಲದ ರಿವೈಂಡಿಂಗ್ ಖರ್ಚಿನ ಪಕ್ಕ ಇಟ್ಟು ನೋಡಿ.

ಇಷ್ಟು ಸಣ್ಣ ಕಾಂಟ್ಯಾಕ್ಟರ್‌ನ ಕಾಯಿಲ್ ಹಿಡಿದುಕೊಂಡಿರಲು 8-10 ವಿಎ (ವೋಲ್ಟ್-ಆಂಪ್) ತಿನ್ನುತ್ತದೆ, ಅಂದರೆ 40 ಮಿಲಿಆಂಪ್ ಆಸುಪಾಸು. ಎಳೆಯುವ ಕ್ಷಣದಲ್ಲಿ 60-70 ವಿಎ, ಅಂದರೆ 0.3 ಆಂಪ್. ನಿಮ್ಮ ನೀಲಿ ರಿಲೇಗೆ ಇದು ಏನೇನೂ ಅಲ್ಲ.

ಫೇಸ್ ಒಂದನ್ನೇ ಕತ್ತರಿಸಿ ಬಿಡಬೇಡಿ. ಕಾಂಟ್ಯಾಕ್ಟರ್‌ನಲ್ಲಿ ಮೂರು ಪೋಲ್, ಅಂದರೆ ಒಟ್ಟಿಗೆ ಮುಟ್ಟಿ ಬಿಡುವ ಮೂರು ಬೇರೆ ಸಂಪರ್ಕ ಇರುತ್ತದೆ, ಫೇಸ್ ಒಂದರಲ್ಲಿ, ನ್ಯೂಟ್ರಲ್ ಇನ್ನೊಂದರಲ್ಲಿ ಹೋಗಲಿ. ಜೊತೆಗೆ ಥರ್ಮಲ್ ಓವರ್‌ಲೋಡ್ ರಿಲೇ (ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ಆರಿಸುವಂಥದ್ದು) ಹಾಕಿದರೆ ಇನ್ನೂ ಒಳ್ಳೆಯದು. ಅಲ್ಲಿ ಒಂದು ಸೂಕ್ಷ್ಮ ಇದೆ. ಓವರ್‌ಲೋಡ್ ರಿಲೇ ಮೂರು ಫೇಸಿಗೆ ಅಂತ ಮಾಡಿದ್ದು. ಒಂದು ಪೋಲ್ ಖಾಲಿ ಬಿಟ್ಟರೆ ಫೇಸ್ ಹೋಗಿದೆ ಅಂದುಕೊಂಡು ಬೇಗ ಟ್ರಿಪ್ ಆಗಬಹುದು. ಸಿಂಗಲ್ ಫೇಸ್ ಮೋಟಾರಿನ ಕರೆಂಟನ್ನು ಅದರ ಮೂರೂ ಪೋಲ್‌ಗಳಲ್ಲಿ ಸೀರೀಸಾಗಿ ಸುತ್ತಿಸಬೇಕು. ಇದನ್ನು ಮರೆತು, ಮೋಟಾರ್ ಹೋಗಿದೆ ಅಂತ ರಿವೈಂಡಿಂಗ್ ಅಂಗಡಿಗೆ ಹೊತ್ತು ಹೋದವರನ್ನು ನೋಡಿದ್ದೇನೆ.

ಕಾಂಟ್ಯಾಕ್ಟರ್‌ಗೂ ಒಂದು ದೌರ್ಬಲ್ಯ ಇದೆ. 230 ವೋಲ್ಟಿನ ಕಾಯಿಲ್ ಖಚಿತವಾಗಿ ಎಳೆಯಲು ಶೇ 85, ಅಂದರೆ 195 ವೋಲ್ಟ್ ಬೇಕು. 170ರಲ್ಲಿ ಅದು ಅರ್ಧ ಎಳೆದು ಗರ್ ಅನ್ನುತ್ತಾ ಕೂರಬಹುದು. ಹಾಗೆ ಬಿಟ್ಟರೆ ಕಾಯಿಲ್ ಸುಡುತ್ತದೆ, ಕಾಂಟ್ಯಾಕ್ಟೂ ಹಾಳಾಗುತ್ತದೆ. ಪ್ರೋಗ್ರಾಂ ಬರೆಯುವವರು ನೀವೇ ಆದ್ದರಿಂದ ವೋಲ್ಟೇಜ್ ಅಳೆದು, 200ಕ್ಕಿಂತ ಕಡಿಮೆ ಇದ್ದರೆ ಸ್ಟಾರ್ಟ್ ಮಾಡದಂತೆ ಬರೆದುಕೊಳ್ಳಬಹುದು. ಅಷ್ಟು ಕಡಿಮೆಯಲ್ಲಿ ಮೋಟಾರನ್ನೂ ಸ್ಟಾರ್ಟ್ ಮಾಡದಿರುವುದೇ ಸರಿ.

ಎರಡನೇ ದಾರಿ, 30 ಆಂಪ್‌ನ ದೊಡ್ಡ ಪವರ್ ರಿಲೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಧಾರಾಳವಾಗಿ ಸಿಗುತ್ತದೆ. ಇಲ್ಲೂ ಬರೀ 30 ಅನ್ನುವ ಅಂಕಿ ನೋಡಿ ಕೊಳ್ಳಬೇಡಿ. ಒಳ್ಳೆಯ ತಯಾರಕರು ಡೇಟಾಶೀಟಿನಲ್ಲಿ 240 ವೋಲ್ಟ್‌ಗೆ ಎಷ್ಟು ಎಚ್‌ಪಿ ಮೋಟಾರ್ ಅಂತಲೇ ಬರೆದಿರುತ್ತಾರೆ. ನಿಮ್ಮ 1 ಎಚ್‌ಪಿಗೆ 2 ಎಚ್‌ಪಿ ಬರೆದಿರುವುದನ್ನು ಆರಿಸಿ. ಎಚ್‌ಪಿ ನಮೂದೇ ಇಲ್ಲದಿದ್ದರೆ ಬಿಟ್ಟುಬಿಡಿ. ಕಾಂಟ್ಯಾಕ್ಟ್ ಟಿನ್ ಆಕ್ಸೈಡಿನದಾದರೆ ಸ್ಟಾರ್ಟಿಂಗ್ ಕರೆಂಟ್‌ಗೆ ಜಾಸ್ತಿ ತಾಳುತ್ತದೆ. ಇದರ ಕಾಯಿಲ್ ಸುಮಾರು 0.9 ವ್ಯಾಟ್ ತಿನ್ನುತ್ತದೆ. 5 ವೋಲ್ಟಿನದಾದರೆ 180 ಮಿಲಿಆಂಪ್, 12 ವೋಲ್ಟಿನದಾದರೆ 75. ಹಾಗಾಗಿ 12 ವೋಲ್ಟಿನದು ತೆಗೆದುಕೊಳ್ಳಿ. ಇದರಲ್ಲಿ ನನಗಿರುವ ಹೆದರಿಕೆ ರಿಲೇಯದ್ದಲ್ಲ, ಬೋರ್ಡಿನದು. ಮಾಡ್ಯೂಲಿನ ತೆಳ್ಳಗಿನ ತಾಮ್ರದ ಗೆರೆಯಲ್ಲಿ ಇಷ್ಟು ಕರೆಂಟ್ ಹರಿದರೆ ಅದು ಬಿಸಿಯಾಗಿ ಎದ್ದು ಬರುತ್ತದೆ. ಮೇಲೆ ಸ್ಪೇಡ್ ಟರ್ಮಿನಲ್ ಇರುವ ರಿಲೇ ಆದರೆ ಮೋಟಾರ್ ತಂತಿ ನೇರ ರಿಲೇಗೇ ಹೋಗುತ್ತದೆ, ಬೋರ್ಡಿನ ಗೊಡವೆ ಇಲ್ಲ.

ನಾನಾದರೆ ಮೊದಲ ದಾರಿ ಹಿಡಿಯುತ್ತೇನೆ. ನಿಮ್ಮಲ್ಲಿ ಆಗಲೇ ಹಸಿರು-ಕೆಂಪು ಬಟನ್ ಇರುವ, ಒಳಗೆ ಕಾಂಟ್ಯಾಕ್ಟರ್ ಕೂತಿರುವ ಸ್ಟಾರ್ಟರ್ ಡಬ್ಬಿ ಇದ್ದರೆ ಇನ್ನೂ ಸುಲಭ. ಒಂದು ರಿಲೇಯ ಎನ್‌ಒ ಕಾಂಟ್ಯಾಕ್ಟನ್ನು ಹಸಿರು ಬಟನ್‌ಗೆ ಪ್ಯಾರಲಲ್ ಹಾಕಿ ಒಂದು ಸೆಕೆಂಡ್ ಒತ್ತಿದ ಹಾಗೆ ಮಾಡಿ. ಇನ್ನೊಂದು ರಿಲೇಯನ್ನು ಕೆಂಪು ಬಟನ್‌ಗೆ ಸೀರೀಸಿನಲ್ಲಿ ಹಾಕಿ, ಅದು ಬಿಟ್ಟರೆ ಮೋಟಾರ್ ನಿಲ್ಲಲಿ. ಬೋರ್ಡ್ ಕೆಟ್ಟು ಕೂತ ದಿನ ಕೆಂಪಿನ ಸೀರೀಸ್ ರಿಲೇಯನ್ನು ಬೈಪಾಸ್ ಮಾಡಲು ಒಂದು ಆಟೋ-ಮ್ಯಾನುಯಲ್ ಸ್ವಿಚ್ ಇರಲಿ. ಮನೆಯವರು ಎಂದಿನಂತೆ ಕೈಯಲ್ಲೇ ಮೋಟಾರ್ ಹಾಕಿಕೊಳ್ಳಬಹುದು.

ಕಾಯಿಲ್ ಕಡೆಯ ತೊಂದರೆ

ಎಲ್ಲರೂ ಕಾಂಟ್ಯಾಕ್ಟನ್ನೇ ಬೈಯುತ್ತಾರೆ, ಕಾಯಿಲ್ ಕಡೆ ನೋಡುವುದಿಲ್ಲ. ನಿಮ್ಮ ಸರ್ಕ್ಯೂಟಿನಲ್ಲಿ ಇದೂ ಪಾಲುದಾರ ಇರಬಹುದು ಅಂತ ನನ್ನ ಅನುಮಾನ.

5 ವೋಲ್ಟಿನ ನೀಲಿ ರಿಲೇಯ ಕಾಯಿಲ್ 70 ಓಮ್ ಇರುತ್ತದೆ, ಎಳೆಯುವುದು 71 ಮಿಲಿಆಂಪ್. ಡೇಟಾಶೀಟ್ ಪ್ರಕಾರ ಶೇ 75 ವೋಲ್ಟೇಜ್ ಸಿಕ್ಕರೆ, ಅಂದರೆ 3.75ಕ್ಕೆ ಅದು ಎಳೆಯಬೇಕು. ಆದರೆ ಆ ಲೆಕ್ಕ ತಣ್ಣಗಿನ ಕಾಯಿಲ್‌ದು. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇ 0.4ರಷ್ಟು ಏರುತ್ತದೆ. ಏಪ್ರಿಲ್ ಬಿಸಿಲು, ಮುಚ್ಚಿದ ಡಬ್ಬಿ, ಕಾಯಿಲ್‌ನದೇ ಶಾಖ ಎಲ್ಲ ಸೇರಿ 40 ಡಿಗ್ರಿ ಜಾಸ್ತಿಯಾಯಿತು ಅಂದುಕೊಳ್ಳಿ. ಆಗ ಎಳೆಯಲು 4.35 ವೋಲ್ಟ್ ಬೇಕು. ನಿಮ್ಮ ಮೊಬೈಲ್ ಚಾರ್ಜರ್, ಉದ್ದದ ತೆಳ್ಳಗಿನ ಕೇಬಲ್ ದಾಟಿ ಬೋರ್ಡಿಗೆ ಬರುವುದು 4.5. ಟ್ರಾನ್ಸಿಸ್ಟರ್ ಮೇಲೆ 0.2 ಹೋಯಿತು. ಉಳಿದದ್ದು 4.3. ರಿಲೇ ಎಳೆಯಬಹುದು, ಎಳೆಯದೆಯೂ ಇರಬಹುದು. ಹೀಗೆ ಅರೆಮನಸ್ಸಿನಲ್ಲಿ ಎಳೆದ ರಿಲೇಯಲ್ಲಿ ಕಾಂಟ್ಯಾಕ್ಟ್ ಒತ್ತಡ ಕಡಿಮೆ, ಕುಪ್ಪಳಿಕೆ ಜಾಸ್ತಿ. ಬೆಸುಗೆಗೆ ಇದಕ್ಕಿಂತ ಒಳ್ಳೆ ಸಂದರ್ಭ ಬೇಕೇ?

ಅದಕ್ಕೇ ನಾನು ಇಂಥ ಕಡೆ 12 ವೋಲ್ಟ್ ಸಪ್ಲೈ, 12 ವೋಲ್ಟ್ ರಿಲೇ ಹಾಕಿ, ಬೋರ್ಡಿಗೆ ಬಕ್ ಕನ್ವರ್ಟರಿನಿಂದ 5 ವೋಲ್ಟ್ ಮಾಡಿಕೊಳ್ಳುತ್ತೇನೆ. ಯುಎಲ್‌ಎನ್2003 ಐಸಿಯಿಂದ ರಿಲೇ ಓಡಿಸುವವರಿಗಂತೂ ಇದು ಬೇಕೇ ಬೇಕು. ಅದು ತಾನೇ ಒಂದು ವೋಲ್ಟ್ ಆಸುಪಾಸು ತಿನ್ನುತ್ತದೆ. 12ರಲ್ಲಿ ಒಂದು ಹೋದರೆ ಚಿಂತೆ ಇಲ್ಲ, 5ರಲ್ಲಿ ಹೋದರೆ ರಿಲೇ ಅಂಚಿನಲ್ಲಿ ನಿಲ್ಲುತ್ತದೆ. ಅದರ 9ನೇ ಪಿನ್ ಅನ್ನು 12 ವೋಲ್ಟ್‌ಗೆ ಜೋಡಿಸಲು ಮರೆಯಬೇಡಿ, ಒಳಗಿನ ಡಯೋಡ್‌ಗಳು ಕೆಲಸ ಮಾಡುವುದು ಆಗಲೇ.

ಬಿಡಿ ಟ್ರಾನ್ಸಿಸ್ಟರ್ ಹಾಕುವುದಾದರೆ ಬಿಸಿ547 ಬೇಡ. ಅದರ ಮಿತಿಯೇ 100 ಮಿಲಿಆಂಪ್, 71 ಎಳೆಸಿದರೆ ಉಸಿರು ಬಿಡಲು ಜಾಗ ಇಲ್ಲ. ಬಿಸಿ337 ಅದೇ ಬೆಲೆಗೆ ಸಿಗುತ್ತದೆ. ಬೇಸ್‌ಗೆ 3.3 ವೋಲ್ಟ್ ಪಿನ್‌ನಿಂದ 470 ಓಮ್ ಸಾಕು. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್, ಅದರ ಬಿಳಿ ಪಟ್ಟೆ ಪ್ಲಸ್ ಕಡೆಗೆ. ಅದಿಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗ ಎದ್ದೇಳುವ ವೋಲ್ಟೇಜ್ 100 ದಾಟಬಹುದು. 45 ವೋಲ್ಟ್ ತಡೆಯುವ ಟ್ರಾನ್ಸಿಸ್ಟರ್ ಎಷ್ಟು ದಿನ ಬಾಳೀತು? ಈ ಡಯೋಡ್‌ಗೂ ಒಂದು ಬೆಲೆ ಇದೆ. ಕಾಯಿಲ್‌ನ ಕರೆಂಟ್ ಅದರಲ್ಲೇ ಸುತ್ತುತ್ತಾ ನಿಧಾನ ಇಳಿಯುವುದರಿಂದ ರಿಲೇ ಕೆಲವು ಮಿಲಿಸೆಕೆಂಡ್ ತಡವಾಗಿ, ಮೆಲ್ಲಗೆ ಬಿಡುತ್ತದೆ. ಬಿಡುವಾಗಿನ ಕಿಡಿ ಅಷ್ಟು ಹೆಚ್ಚು. ದೊಡ್ಡ ಲೋಡನ್ನು ನೇರ ಹೊರುವ ರಿಲೇ ಆದರೆ ಡಯೋಡ್‌ಗೆ ಸೀರೀಸಿನಲ್ಲಿ ಒಂದು 24 ವೋಲ್ಟ್ ಜೀನರ್ ಹಾಕುವುದು ಇದಕ್ಕೇ. ಕಾಂಟ್ಯಾಕ್ಟರ್ ಕಾಯಿಲ್ ಮಾತ್ರ ಹೊರುವ ರಿಲೇಗೆ ಆ ತಲೆಬಿಸಿ ಬೇಡ.

ಬೋರ್ಡ್ ರೀಸೆಟ್ ಯಾಕೆ

ಯಾವಾಗ ರೀಸೆಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಆನ್ ಆಗುವಾಗ ಆದರೆ ಸಪ್ಲೈ ಕುಸಿಯುತ್ತಿದೆ, ಚಾರ್ಜರ್ ಬದಲಾಯಿಸಿ, ಬೋರ್ಡಿನ ಹತ್ತಿರ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ನಿಮ್ಮದು ಆಫ್ ಆಗುವಾಗ ಆಗುತ್ತಿದೆ. ಹಾಗಾದರೆ ಅದು ಕಾಂಟ್ಯಾಕ್ಟ್ ಬಿಡುವಾಗಿನ ಕಿಡಿಯ ಕೆಲಸ. ವೈಂಡಿಂಗ್‌ನಲ್ಲಿ ತುಂಬಿದ ಶಕ್ತಿ ಆ ಒಂದು ಮಿಲಿಮೀಟರಿಗೂ ಕಡಿಮೆ ಸಂದಿನಲ್ಲಿ ಕಿಡಿಯಾಗಿ ಹೋಗುತ್ತದೆ, ರೇಡಿಯೋದಲ್ಲಿ ಚರ್ ಅಂತ ಕೇಳುತ್ತದಲ್ಲ ಅದು. ಪಕ್ಕದಲ್ಲೇ ಇರುವ ಬೋರ್ಡಿಗೆ, ಅದಕ್ಕಿಂತ ಹೆಚ್ಚಾಗಿ ಟ್ಯಾಂಕಿನವರೆಗೆ ಹೋದ ಸೆನ್ಸರ್ ತಂತಿಗೆ ಈ ಗದ್ದಲ ನುಗ್ಗುತ್ತದೆ. ಆ ತಂತಿ ಮೋಟಾರ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ಹೋಗಿದ್ದರೆ ಕೇಳುವುದೇ ಬೇಡ, ಮೊದಲು ಅದನ್ನು ಬೇರೆ ಮಾಡಿ.

ಆಮೇಲೆ ಸ್ನಬರ್, ಅಂದರೆ ಆ ಗದ್ದಲ ಹೀರುವ ಜೋಡಿ. 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸಿನಲ್ಲಿ. ಕೆಪಾಸಿಟರ್ ಮೇಲೆ ಎಕ್ಸ್2, 275 ವೋಲ್ಟ್ ಎಸಿ ಅಂತ ಇರಲೇಬೇಕು, ಸಾಮಾನ್ಯ 400 ವೋಲ್ಟ್ ಡಿಸಿ ಕೆಪಾಸಿಟರ್ ಇಲ್ಲಿ ಬೇಡ. ಇದನ್ನು ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಅಡ್ಡಲಾಗಿ ಹಾಕಿ, ರಿಲೇ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಅಲ್ಲ. ಕಾಂಟ್ಯಾಕ್ಟ್‌ಗೆ ಹಾಕಿದರೆ ರಿಲೇ ಆಫ್ ಇದ್ದಾಗಲೂ 7 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ. ರಿಲೇಯಿಂದ ಓಡಿಸುವ ಎಲ್‌ಇಡಿ ಬಲ್ಬು ಆಫ್ ಮಾಡಿದರೂ ಮಿಣುಕುತ್ತದೆ ಅಂತ ಕೇಳುವವರಿದ್ದಾರೆ, ಅದಕ್ಕೆ ಹೆಚ್ಚಾಗಿ ಕಾರಣ ಇದೇ.

ಮಾಡ್ಯೂಲಿನಲ್ಲಿ ಜೆಡಿ-ವಿಸಿಸಿ ಅಂತ ಬರೆದ ಜಂಪರ್ ಇದ್ದರೆ ನೋಡಿ. ಅದು ಹಾಕಿಯೇ ಇದ್ದರೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸಿ ಎರಡು ಕಡೆಗಳನ್ನು ಬೇರೆ ಇಡುವ ಭಾಗ) ಇದ್ದೂ ಉಪಯೋಗ ಇಲ್ಲ, ರಿಲೇ ಮತ್ತು ಬೋರ್ಡ್ ಒಂದೇ ಸಪ್ಲೈ ಹಂಚಿಕೊಳ್ಳುತ್ತವೆ. ಜಂಪರ್ ತೆಗೆದು ಕಾಯಿಲ್‌ಗೆ ಬೇರೆ ಸಪ್ಲೈ, ಬೇರೆ ಗ್ರೌಂಡ್ ಕೊಟ್ಟಾಗ ಮಾತ್ರ ಅದು ನಿಜವಾದ ಐಸೊಲೇಷನ್. ಇಎಸ್‌ಪಿ8266ರಲ್ಲಿ ಕೆಲವು ಪಿನ್‌ಗಳು ಬೋರ್ಡ್ ಏಳುವಾಗ ತಾವೇ ಮೇಲೆ ಕೆಳಗೆ ಆಗುತ್ತವೆ. ಕರೆಂಟ್ ಬಂದಾಗ ಮೋಟಾರ್ ಒಮ್ಮೆ ಜಗ್ಗಿ ನಿಂತರೆ ಇದನ್ನೇ ಶಂಕಿಸಿ. ರಿಲೇಗೆ ಡಿ1 ಅಥವಾ ಡಿ2 ಬಳಸಿ.

ಇನ್ನೂ ಒಂದು ಸಂಗತಿ. ನೀಲಿ ಡಬ್ಬಿಯನ್ನು ತಲೆಕೆಳಗೆ ಮಾಡಿ ನೋಡಿ. ಕಾಮನ್ ಪಿನ್ ಇರುವುದು ಕಾಯಿಲ್‌ನ ಎರಡು ಪಿನ್‌ಗಳ ನಡುವೆ. ಅಂದರೆ 230 ವೋಲ್ಟ್, ನಿಮ್ಮ 5 ವೋಲ್ಟ್‌ನಿಂದ ಕೆಲವೇ ಮಿಲಿಮೀಟರ್ ದೂರ. ಒಳ್ಳೆಯ ಬೋರ್ಡಿನಲ್ಲಿ ಆ ಪಿನ್ ಸುತ್ತ ಸಂದು ಕೊರೆದಿರುತ್ತಾರೆ. ಡಾಟ್ ಬೋರ್ಡ್ ಮೇಲೆ ಇದನ್ನು ಬೆಸೆದು 230 ಹಾಯಿಸುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ನಡುವಿನ ತಾಮ್ರದ ಚುಕ್ಕಿಗಳನ್ನಾದರೂ ಕೆರೆದು ತೆಗೆಯಿರಿ. ಜಿರಲೆ, ಧೂಳು, ತೇವ ಮೂರೂ ಪಂಪ್ ಶೆಡ್ಡಿನಲ್ಲೇ ಇರುವುದು.

ಮತ್ತೆ ಅಂಟಿಕೊಂಡರೆ?

ಯಾವ ಕಾಂಟ್ಯಾಕ್ಟೂ ಎಂದೂ ಬೆಸೆಯುವುದಿಲ್ಲ ಅಂತ ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ಬೋರ್ಡನ್ನು ನಂಬದ ಎರಡನೇ ಕಾವಲು ಇರಲಿ. ಟ್ಯಾಂಕಿನ ತುದಿಯಲ್ಲಿ, ನಿಮ್ಮ ಸೆನ್ಸರಿಗಿಂತ ಸ್ವಲ್ಪ ಮೇಲೆ, ಒಂದು ಸಾಮಾನ್ಯ ಫ್ಲೋಟ್ ಸ್ವಿಚ್ ಹಾಕಿ ಕಾಂಟ್ಯಾಕ್ಟರ್ ಕಾಯಿಲ್‌ಗೆ ಸೀರೀಸಿನಲ್ಲಿ ಕೊಡಿ. ಸಂಪ್‌ನಲ್ಲೂ ಒಂದು, ನೀರು ತಳ ಮುಟ್ಟಿದರೆ ಕಾಯಿಲ್ ಕಡಿದುಹೋಗಲಿ. ಸಣ್ಣ ರಿಲೇ ಬೆಸೆದರೂ, ಪ್ರೋಗ್ರಾಂ ನೇತಾಡಿದರೂ ಇವು ತಮ್ಮ ಕೆಲಸ ಮಾಡುತ್ತವೆ. ಕಾಂಟ್ಯಾಕ್ಟರೇ ಬೆಸೆದರೆ ಫ್ಲೋಟ್‌ನಿಂದಲೂ ಆಗದು. ಅದಕ್ಕೆ ಮೋಟಾರ್ ತಂತಿಗೆ ಒಂದು ಕರೆಂಟ್ ಸೆನ್ಸರ್ ಹಾಕಿ, ಆಫ್ ಅಂದ ಎರಡು ಸೆಕೆಂಡ್ ಮೇಲೂ ಕರೆಂಟ್ ಹರಿಯುತ್ತಿದ್ದರೆ ಬಜರ್ ಕೂಗಲಿ. ಎಂಸಿಬಿ ಸಿ ಕರ್ವ್‌ನದೇ, ಅಂದರೆ ಸ್ಟಾರ್ಟಿಂಗ್ ಕರೆಂಟ್ ತಾಳುವಂಥದ್ದೇ, ಇರಲಿ.

ಪ್ರೋಗ್ರಾಂನಲ್ಲಿ ಎರಡು ಸ್ಟಾರ್ಟ್‌ಗಳ ನಡುವೆ ಕನಿಷ್ಠ ಎರಡು ಮೂರು ನಿಮಿಷ ಬಿಡಿ. ಟ್ಯಾಂಕ್ ತುಂಬುವ ಹೊತ್ತಿಗೆ ನೀರು ಅಲೆಯುತ್ತದೆ, ಸೆನ್ಸರ್ ಹೌದು-ಇಲ್ಲ ಅಂತ ಹೊಯ್ದಾಡುತ್ತದೆ. ಪ್ರತಿ ಹೊಯ್ದಾಟಕ್ಕೂ ರಿಲೇ ಒಂದು ಪೂರ್ತಿ ಸ್ಟಾರ್ಟಿಂಗ್ ಕರೆಂಟ್ ನುಂಗಬೇಕು. ನಿಮ್ಮ ರಿಲೇಯ ಲೆಕ್ಕ 180 ಸಲವೇ ಆಗಿತ್ತೋ, ಇಂಥ ಚಟಪಟ ಸೇರಿ ಸಾವಿರ ದಾಟಿತ್ತೋ, ನಿಮ್ಮ ಪ್ರೋಗ್ರಾಂ ನೋಡಿದರೆ ಗೊತ್ತಾಗುತ್ತದೆ. ತುಂಬಿದ ಮೇಲೆ ನೀರು ಅರ್ಧಕ್ಕೆ ಇಳಿಯುವವರೆಗೆ ಮತ್ತೆ ಸ್ಟಾರ್ಟ್ ಆಗದಿದ್ದರೆ ಈ ಕಾಟವೇ ಇಲ್ಲ.

230 ವೋಲ್ಟಿನ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಅರ್ಥಿಂಗ್ ಸರಿ ಇದೆಯಾ ಅಂತ ಅವರಿಂದಲೇ ನೋಡಿಸಿ. ರಿಲೇ ಆಫ್ ಇದೆ ಅಂತ ಮೋಟಾರ್ ತಂತಿ ಮುಟ್ಟಬೇಡಿ, ಎಂಸಿಬಿ ಇಳಿಸಿಯೇ ಮುಟ್ಟಿ.

ಇದನ್ನು ಓದಿ ತೋಟದ ಬೋರ್‌ವೆಲ್‌ಗೂ ಇದೇ ಮಾಡೋಣ ಅಂದುಕೊಳ್ಳುವವರಿಗೆ ಒಂದು ಮಾತು. ತ್ರೀ ಫೇಸ್ ಡಿಒಎಲ್ ಸ್ಟಾರ್ಟರ್‌ಗಳ (ಮೋಟಾರನ್ನು ನೇರ ಲೈನಿಗೆ ಹಾಕುವಂಥವು) ಕಾಯಿಲ್ ಸಾಮಾನ್ಯವಾಗಿ 415 ವೋಲ್ಟಿನದು, ಎರಡು ಫೇಸ್ ನಡುವೆ ಕೂತಿರುತ್ತದೆ. ನೀಲಿ ಡಬ್ಬಿಯ ರಿಲೇಗೆ ಮಿತಿ 250. ಕಾಯಿಲ್‌ನ ಕರೆಂಟ್ ಸಣ್ಣದೇ ಇದ್ದರೂ ಆ ವೋಲ್ಟೇಜನ್ನು ಅದರ ಸಂದು ತಡೆಯುವುದಿಲ್ಲ. ಅಲ್ಲಿ ಸ್ಟಾರ್ಟರ್‌ನ ಬಟನ್‌ಗಳಿಗೆ ರಿಲೇ ನೇರ ಕೊಡಬೇಡಿ. ನಡುವೆ 415ಕ್ಕೆ ರೇಟ್ ಆದ ಕಾಂಟ್ಯಾಕ್ಟ್ ಇರುವ ಒಂದು ಆಕ್ಸಿಲರಿ ಕಾಂಟ್ಯಾಕ್ಟರ್ ಹಾಕಿ, ಅದರ ಕಾಯಿಲ್ 24 ವೋಲ್ಟಿನದಾಗಿರಲಿ, ನಿಮ್ಮ ರಿಲೇ ಅದನ್ನು ಓಡಿಸಲಿ.